ಹಳೇ ಮೇಲ್‌ಗೆ ಹೊಸ ಮನೆ

ಪೋಸ್ಟ್‌ಮನ್ ತಂದುಕೊಟ್ಟ ಕಾಗದವನ್ನು ಟ್ರಂಕಿನಲ್ಲಿಟ್ಟರೆ ಐವತ್ತು ವರ್ಷ ಆದ್ಮೇಲೂ ಓದಬಹುದು, ಗೆದ್ದಲು ಹಿಡೀಬಾರದು ಅಷ್ಟೇ. ಇಮೇಲ್ ಕಥೆ ಹಾಗಲ್ಲ. ಫೈಲ್ ಇರುತ್ತೆ, ಒಂದಕ್ಷರವೂ ಕೆಟ್ಟಿರಲ್ಲ, ಆದ್ರೆ ತೆಗೆಯುವ ಸಾಫ್ಟ್‌ವೇರ್ ಸತ್ತುಹೋಗಿರುತ್ತೆ! ಔಟ್‌ಲುಕ್ ಎಕ್ಸ್‌ಪ್ರೆಸ್, ಯೂಡೋರಾ ಈಗ ಎಷ್ಟು ಜನಕ್ಕೆ ನೆನಪಿದೆ? ಹಾಗಾಗಿ ಹಳೇ ಮೇಲ್‌ಗಳನ್ನು ಹೊಸ ಮಾದರಿಗೆ ಸಾಗಿಸಲೇಬೇಕು. ಸಾಮಾನು ಕಳೆಯೋದು ಹೀಗೆ ಮನೆ ಬದಲಾಯಿಸುವಾಗಲೇ.

ಮೊದಲು ಹಳೇ ಮನೆ ಹೇಗಿದೆ ನೋಡಿ. ಎಂಬಾಕ್ಸ್ ಅನ್ನೋ ಹಳೇ ಮಾದರಿಯಲ್ಲಿ ಸಾವಿರಾರು ಪತ್ರಗಳು ಒಂದೇ ಉದ್ದನೆಯ ಫೈಲಿನಲ್ಲಿ ಸಾಲಾಗಿ ಮಲಗಿರುತ್ತವೆ. ಗೂಗಲ್ ಟೇಕೌಟ್‌ನಿಂದ ಜಿಮೇಲ್ ಇಳಿಸಿಕೊಂಡರೆ ಇವತ್ತಿಗೂ ಬರೋದು ಇದೇ. ಒಂದು ಪತ್ರ ಮುಗಿದು ಇನ್ನೊಂದು ಶುರುವಾಯ್ತು ಅಂತ ಗೊತ್ತಾಗೋದು ಹೇಗೆ? ಸಾಲಿನ ಮೊದಲಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದ ಇರುತ್ತೆ. ಹಾಗಾದ್ರೆ ಯಾರೋ ಪತ್ರದೊಳಗೇ ‘ಫ್ರಮ್ ಬೆಂಗಳೂರು ವಿ ವೆಂಟ್ ಟು ಮೈಸೂರು’ ಅಂತ ಹೊಸ ಪ್ಯಾರಾ ಶುರು ಮಾಡಿದ್ರೆ? ಎಚ್ಚರವಿಲ್ಲದ ಸಾಫ್ಟ್‌ವೇರ್ ಅಲ್ಲಿಗೇ ಕತ್ತರಿ ಹಾಕುತ್ತೆ, ಒಂದು ಪತ್ರ ಎರಡಾಗುತ್ತೆ. ನಗು ಬರುತ್ತೆ, ಆದ್ರೆ ಇದು ನಿಜ. ಇನ್ನೊಂದು ತಮಾಷೆ, ನೀವು ಅಳಿಸಿದ ಮೇಲ್‌ಗಳು ಎಷ್ಟೋ ಸಲ ಆ ಫೈಲಿನಲ್ಲೇ ಗುರುತು ಹಾಕಿಸಿಕೊಂಡು ಕೂತಿರುತ್ತವೆ. ಸಾಗಣೆಯಾದ ಮೇಲೆ ಎದ್ದು ಬರುತ್ತವೆ. ಸಾಗಿಸುವ ಮೊದಲು ‘ಕಾಂಪ್ಯಾಕ್ಟ್’ ಮಾಡಿ ಅನ್ನೋದು ಇದಕ್ಕೇ.

ಹೊಸ ಮನೆಗಳಲ್ಲಿ ಮೇಲ್‌ಡಿರ್ ಒಂದು. ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಎಂಬ ಸಾಫ್ಟ್‌ವೇರಿಗಾಗಿ ರೂಪಿಸಿದ್ದು. ಇಲ್ಲಿ ಒಂದು ಪತ್ರಕ್ಕೆ ಒಂದು ಫೈಲ್. ಒಂದು ಕೆಟ್ಟರೆ ಒಂದೇ ಹೋಗುತ್ತೆ, ಊರೆಲ್ಲ ಮುಳುಗಲ್ಲ. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿ ಫೈಲಿಗೆ 2 ಜಿಬಿ ಮಿತಿ ಇತ್ತು. ಅದು ದಾಟಿ ಫೈಲೇ ಕೆಟ್ಟು, ಅಷ್ಟೂ ಪತ್ರ ಕಳ್ಕೊಂಡವರನ್ನು ಕೇಳಿ, ಇದರ ಬೆಲೆ ಹೇಳ್ತಾರೆ.

ಈಗ ಗಂಭೀರ ವಿಷಯ, ದಿನಾಂಕ. ಪತ್ರದೊಳಗಿನ ದಿನಾಂಕ ಬೇರೆ, ಫೈಲಿನ ದಿನಾಂಕ ಬೇರೆ. ಅಡ್ಡಾದಿಡ್ಡಿ ಸಾಗಿಸಿದರೆ 2003ರ ಮೇಲ್ ಕೂಡ ನಿನ್ನೆ ಬಂದಂತೆ ಕಾಣಬಹುದು. ಆಸ್ತಿ ತಕರಾರು, ಕೆಲಸದ ಕರಾರು ಇದ್ದವರಿಗೆ ಇದು ಆಟವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಮಾದರಿ ಬದಲಾದರೆ ಬೆರಳಚ್ಚೂ ಬದಲಾಗುತ್ತೆ. ಆದ್ದರಿಂದ ಹಳೇ ಫೈಲಿನ ಹ್ಯಾಶ್ ಬರೆದಿಟ್ಟು, ಆ ಫೈಲನ್ನು ಹಾಗೇ ಎತ್ತಿಡಿ. ಪ್ರತಿಯ ಮೇಲೆ ಮಾತ್ರ ಕೈ ಹಾಕಿ. ಸಾಗಿಸುವ ಮೊದಲೂ ಆಮೇಲೂ ಪತ್ರಗಳನ್ನು ಎಣಿಸಿ. ಲೆಕ್ಕ ತಾಳೆಯಾಗದಿದ್ರೆ ಅಲ್ಲೇ ನಿಲ್ಲಿಸಿ. ನಾಲ್ಕಾರು ಹಳೇ ಮೇಲ್ ತೆಗೆದು ಅಟ್ಯಾಚ್‌ಮೆಂಟ್ ತೆರೆಯುತ್ತಾ ನೋಡಿ.

ಕನ್ನಡದವರಿಗೆ ಇನ್ನೊಂದು ಗಂಡಾಂತರ ಇದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಬರೆದ ಮೇಲ್‌ಗಳು ಒಳಗೆ ನಿಜವಾಗಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು ಚುಕ್ಕಿ ಇರುವ ಚಿಹ್ನೆಗಳು. ಫಾಂಟ್ ಇದ್ದರಷ್ಟೇ ಅವು ಕನ್ನಡದ ವೇಷ ಹಾಕುತ್ತವೆ. ಬಣ್ಣ, ವಿನ್ಯಾಸ ಯಾಕೆ ಅಂತ ಬರೀ ಪಠ್ಯವಾಗಿ ಸೇವ್ ಮಾಡಿದ್ರೋ, ಯಾವ ಫಾಂಟ್ ಅನ್ನೋ ಸುಳಿವೂ ಹೋಯ್ತು. ಮೊದಲು ಮೇಲ್ ಇದ್ದಹಾಗೇ ಸಾಗಿಸಿ. ಯೂನಿಕೋಡಿಗೆ ಪರಿವರ್ತನೆ ಆಮೇಲೆ, ಬೇರೆ ಪ್ರತಿಯಲ್ಲಿ ಮಾಡ್ಕೊಳ್ಳಿ.

ಹಾಂ, ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲೇ ಹೇಳಿದೆ. ಮನೆಯಲ್ಲಿ ಹಿರಿಯರ ಹಳೇ ಜಿಮೇಲ್ ಇದ್ದರೆ ಈ ವಾರವೇ ಒಮ್ಮೆ ಲಾಗಿನ್ ಆಗಿ.