‘ಆಯ್ತು ಮೇಡಂ’ ಅನ್ನುವ ಮುನ್ನ...

ಕಳೆದ ರಜೆಯಲ್ಲಿ ಬೆಂಗಳೂರಿನ ಸಣ್ಣದೊಂದು ಸ್ಟಾರ್ಟ್‌ಅಪ್‌ನಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಅಲ್ಲಿ ದಿನಕ್ಕೆ ಹತ್ತು ಸಲವಾದರೂ ನನ್ನ ಬಾಯಿಂದ ಬರುತ್ತಿದ್ದ ಮಾತು ‘ಆಯ್ತು ಮೇಡಂ’. ‘ಇಲ್ಲಿ ಸರ್, ಮೇಡಂ ಎಲ್ಲ ಬೇಡ, ಹೆಸರು ಹಿಡಿದೇ ಕರಿ’ ಎಂದು ಮೊದಲ ದಿನವೇ ಹೇಳಿದ್ದರು. ಆದರೆ ಇಷ್ಟು ವರ್ಷ ಶಾಲೆ, ಕಾಲೇಜಿನ ಬೆಂಚಿನ ಮೇಲೆ ಕೂತು ಬಂದ ನಾಲಿಗೆ ಅಷ್ಟು ಬೇಗ ಹೊರಳುತ್ತದೆಯೇ? ಅದೇ ‘ಆಯ್ತು ಮೇಡಂ’ನಿಂದಾಗಿ ನನ್ನ ಎರಡು ವಾರದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಕಿರಾಣಿ ಅಂಗಡಿಯವರು ಸಗಟು ವ್ಯಾಪಾರಿಗಳಿಂದ ಸಾಮಾನು ತರಿಸಿಕೊಳ್ಳಲು ಬಳಸುವ ಆ್ಯಪ್ ಅದು. ಮಾಡಬೇಕಾದ ಪ್ರತಿ ಕೆಲಸವನ್ನೂ ಅಲ್ಲಿ ‘ಟಿಕೆಟ್’ ಎಂದು ಬರೆದು ಕೊಡುತ್ತಾರೆ. ಪ್ರಾಡಕ್ಟ್ ಮ್ಯಾನೇಜರ್ ಮೇಡಂ ಕೊಟ್ಟ ನನ್ನ ಮೊದಲ ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಹಳೆಯ ಆರ್ಡರ್ ಹುಡುಕಲು ಫಿಲ್ಟರ್ ಬೇಕು’. ನಾನು ಉತ್ಸಾಹದಲ್ಲಿ ದಿನಾಂಕ, ಬೆಲೆ, ಬ್ರ್ಯಾಂಡ್, ವ್ಯಾಪಾರಿಯ ಹೆಸರು ಎಲ್ಲಕ್ಕೂ ಫಿಲ್ಟರ್ ಬರೆದೆ. ರಾತ್ರಿ ಪಿಜಿಯಲ್ಲಿ ಕೂತೂ ಕೋಡ್ ಮಾಡಿದೆ. ಡೆಮೊ ದಿನ ಮೇಡಂ ಎಲ್ಲವನ್ನೂ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಚೆನ್ನಾಗಿದೆ. ಆದ್ರೆ ಅಂಗಡಿಯವರಿಗೆ ಇಷ್ಟೆಲ್ಲ ಒತ್ತೋಕೆ ಪುರುಸೊತ್ತು ಎಲ್ಲಿರುತ್ತೆ? ಹೋದ ವಾರದ್ದನ್ನೇ ಮತ್ತೆ ತರಿಸ್ಬೇಕು, ಅದಕ್ಕೆ ಹಳೇ ಆರ್ಡರ್ ಹುಡುಕ್ತಾರೆ ಅಷ್ಟೆ’ ಎಂದರು.

ಅಂದರೆ ಕೊನೆಯ ಆರ್ಡರ್ ಪಕ್ಕ ‘ಮತ್ತೆ ತರಿಸಿ’ ಎಂಬ ಒಂದು ಬಟನ್ ಇದ್ದರೆ ಸಾಕಿತ್ತು. ಎರಡು ದಿನದ ಕೆಲಸ!

ಸಿಟ್ಟು ನೆತ್ತಿಗೇರಿತು. ಟೀ ಕುಡಿಯಲು ಹೋದಾಗ ಜೊತೆಗಿದ್ದವರು ‘ಈ ಪಿಎಂಗಳೇ ಹೀಗೆ. ಕೋಡ್ ಬರಲ್ಲ, ಡೆಡ್‌ಲೈನ್ ಹಾಕೋಕೆ ಮಾತ್ರ ಬರುತ್ತೆ’ ಎಂದು ಸಮಾಧಾನ ಹೇಳಿದರು. ಕೇಳಲು ಹಿತವಾಗಿತ್ತು. ಆದರೆ ಹಿರಿಯ ಡೆವಲಪರ್ ಒಬ್ಬರು ಲೋಟ ಕೆಳಗಿಟ್ಟು, ‘ಅವರು ಒಂದೇ ಸಾಲು ಬರೆದದ್ದು ತಪ್ಪು, ಒಪ್ಪಿದೆ. ನೀನು ಎರಡು ವಾರದಲ್ಲಿ ಒಂದು ಸಲವಾದ್ರೂ ಯಾಕೆ ಅಂತ ಕೇಳಿದ್ಯಾ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮಮ್ಮ ಊರಿನಲ್ಲಿ ಬಟ್ಟೆ ಹೊಲಿಯುತ್ತಾರೆ. ಯಾರಾದರೂ ಬ್ಲೌಸ್ ಪೀಸ್ ತಂದರೆ ಅಳತೆ ತೆಗೆಯುವ ಮೊದಲೇ ‘ಯಾರ ಮದುವೆಗೆ? ಯಾವ ಸೀರೆ ಮೇಲೆ? ಎಷ್ಟನೇ ತಾರೀಕಿಗೆ ಬೇಕು?’ ಎಂದು ವಿಚಾರಿಸುತ್ತಾರೆ. ಕತ್ತರಿ ಆಡಿದ ಮೇಲೆ ಬಟ್ಟೆ ಮತ್ತೆ ಕೂಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವರ ಮಗುವಾದ ನಾನು ಏನನ್ನೂ ಕೇಳದೆ ನೇರ ಕತ್ತರಿ ಹಾಕಿದ್ದೆ.

ಯಾರ ಕೆಲಸ ಯಾವುದು?

ಬಿಇ ಸೇರಿ ಇಷ್ಟು ಸೆಮಿಸ್ಟರ್ ಕಳೆದರೂ ಪ್ರಾಡಕ್ಟ್ ಮ್ಯಾನೇಜರ್ ಎಂದರೆ ‘ಬಾಸ್’ ಎಂದೇ ನಾನು ಅಂದುಕೊಂಡಿದ್ದೆ. ನಿಜ ಬೇರೆಯೇ. ಏನು ಮಾಡಬೇಕು, ಯಾರಿಗಾಗಿ, ಯಾಕೆ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಅದನ್ನು ಹೇಗೆ ಕಟ್ಟುವುದು ಎಂಬುದು ಡೆವಲಪರ್‌ಗಳ ಹೊಣೆ. ಸಾಮಾನ್ಯವಾಗಿ ಡೆವಲಪರ್‌ಗಳು ಅವರ ಕೈಕೆಳಗಿನ ನೌಕರರಲ್ಲ. ಹಾಗಾಗಿ ಆಜ್ಞೆ ಮಾಡುವ ಅಧಿಕಾರ ಅವರಿಗೆ ಕಡಿಮೆ, ಆದರೆ ಪ್ರಾಡಕ್ಟ್ ಸೋತರೆ ಮೊದಲ ಪ್ರಶ್ನೆ ಅವರಿಗೇ. ಒಂದು ಕಡೆ ಗ್ರಾಹಕರು, ಇನ್ನೊಂದು ಕಡೆ ಸೇಲ್ಸ್‌ನವರು, ಮೇಲೆ ಕಂಪನಿಯ ಮುಖ್ಯಸ್ಥರು. ನಡುವೆ ಅವರು.

ಈ ಹುದ್ದೆಯ ಬೇರು ಇರುವುದು ಸಾಬೂನಿನ ಕಂಪನಿಯಲ್ಲಿ ಎಂದರೆ ನಂಬುತ್ತೀರಾ? 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡಿನ ಪೂರ್ತಿ ಹೊಣೆ ಹೊರುವ ಜನ ಬೇಕೆಂದು ಒಂದು ಟಿಪ್ಪಣಿ ಬರೆದರು. ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನ ಇತಿಹಾಸವನ್ನು ಹಲವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಇನ್ನು ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಠ್ಯದಲ್ಲಿ ನಾವೆಲ್ಲ ಓದುವ ‘ಅಜೈಲ್ ಮ್ಯಾನಿಫೆಸ್ಟೊ’. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ರೂಪಿಸಿದ್ದು. ಅದರ 12 ತತ್ವಗಳಲ್ಲಿ ಒಂದು, ವ್ಯವಹಾರ ನೋಡಿಕೊಳ್ಳುವವರು ಮತ್ತು ಡೆವಲಪರ್‌ಗಳು ಪ್ರಾಜೆಕ್ಟ್ ಮುಗಿಯುವವರೆಗೆ ಪ್ರತಿದಿನ ಜೊತೆಯಾಗಿ ಕೆಲಸ ಮಾಡಬೇಕು ಎನ್ನುತ್ತದೆ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಅರ್ಥವಾದದ್ದು ಮಾತ್ರ ಆ ಡೆಮೊ ದಿನ.

ಗಲ್ಲಾಪೆಟ್ಟಿಗೆಯ ಮುಂದೆ

ಮಾರನೇ ದಿನ ಧೈರ್ಯ ಮಾಡಿ ಮೇಡಂ ಬಳಿ ಹೋಗಿ, ‘ಅಂಗಡಿಯವರು ಆ್ಯಪ್ ಬಳಸೋದನ್ನ ನಾನೂ ನೋಡ್ಬಹುದಾ ಮೇಡಂ?’ ಎಂದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರಿಗೆ ಖುಷಿಯಾಯಿತು. ‘ನಾನೂ ಪೂರ್ತಿ ಬರೆದು ಕೊಡ್ಬೇಕಿತ್ತು’ ಎಂದು ತಮ್ಮ ತಪ್ಪನ್ನೂ ಒಪ್ಪಿಕೊಂಡರು. ಅದೇ ವಾರ ಒಂದು ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯ ಯಜಮಾನರು ಒಂದು ಕೈಯಲ್ಲಿ ಸಕ್ಕರೆ ತೂಗುತ್ತಾ, ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾ, ನಡುವೆ ಹೆಬ್ಬೆರಳಿನಲ್ಲಿ ಫೋನ್ ಒತ್ತುತ್ತಿದ್ದರು. ಪರದೆಯ ಮೇಲೆ ಗೀರು ಬಿದ್ದ ಹಳೆಯ ಫೋನ್. ನಾನು ಚಂದ ಕಾಣಲೆಂದು ಇಟ್ಟಿದ್ದ ಸಣ್ಣ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ನಿಂತ ಇಪ್ಪತ್ತು ನಿಮಿಷದಲ್ಲಿ ಕಲಿತದ್ದು ಯಾವ ಟಿಕೆಟ್‌ನಲ್ಲೂ ಇರಲಿಲ್ಲ. ಆಮೇಲೆ ಬಟನ್ ದೊಡ್ಡದಾಯಿತು, ಅಕ್ಷರವೂ ದೊಡ್ಡದಾಯಿತು. ಅದನ್ನು ಮೇಡಂ ಹೇಳಿ ಮಾಡಿಸಲಿಲ್ಲ, ನಾನೇ ಕೇಳಿ ಮಾಡಿದೆ.

‘ಎರಡೇ ದಿನ’ ಎಂಬ ಸುಳ್ಳು

ಇನ್ನೊಂದು ಪಾಠ ಬಾಕಿ ಇತ್ತು. ‘ಇದಕ್ಕೆ ಎಷ್ಟು ದಿನ ಬೇಕು?’ ಎಂದು ಮೇಡಂ ಕೇಳಿದಾಗ, ದಡ್ಡ ಅಂದುಕೊಂಡಾರು ಎಂಬ ಭಯಕ್ಕೆ ‘ಎರಡೇ ದಿನ’ ಎಂದುಬಿಟ್ಟೆ. ಆದರೆ ಒಂದು ಸಾಮಾನು ಸ್ಟಾಕ್ ಇಲ್ಲದಿದ್ದರೆ ಏನಾಗಬೇಕು, ಬೆಲೆ ಬದಲಾಗಿದ್ದರೆ ಏನು ತೋರಿಸಬೇಕು ಎಂದು ಹೊರಟಾಗ ಕೆಲಸ ಬೆಳೆಯಿತು. ಎರಡನೇ ದಿನ ಸಂಜೆಯೇ ಇದು ಮುಗಿಯುವುದಿಲ್ಲ ಎಂದು ಗೊತ್ತಾಗಿತ್ತು. ಆದರೂ ಬೆಳಗಿನ ಮೀಟಿಂಗ್‌ನಲ್ಲಿ ‘ಇವತ್ತು ಆಗುತ್ತೆ’ ಎನ್ನುತ್ತಲೇ ಬಂದೆ. ಮುಗಿದದ್ದು ಆರನೇ ದಿನ. ಅಷ್ಟರಲ್ಲಿ ಮೇಡಂ ನನ್ನ ಮಾತು ನಂಬಿ ಸೇಲ್ಸ್‌ನವರಿಗೆ ಹೇಳಿದ್ದರು, ಅವರು ಅಂಗಡಿಯವರಿಗೆ ಹೇಳಿದ್ದರು. ಎಲ್ಲರ ಮುಂದೆ ತಲೆ ತಗ್ಗಿಸಿದ್ದು ಮೇಡಂ.

ಅವರು ನನಗೆ ಬೈಯಲಿಲ್ಲ. ‘ಆರು ದಿನ ಆಗುತ್ತೆ ಅಂತ ಮೊದಲೇ ಹೇಳಿದ್ರೆ ನಾನು ಏನಾದ್ರೂ ಹೊಂದಿಸ್ತಿದ್ದೆ. ಕೊನೇ ದಿನ ಹೇಳಿದ್ರೆ ನನ್ನ ಕೈಯಲ್ಲಿ ಏನೂ ಉಳಿಯಲ್ಲ’ ಎಂದಷ್ಟೇ ಹೇಳಿದರು. ಕೆಟ್ಟ ಸುದ್ದಿಯನ್ನು ಬೇಗ ಹೇಳುವುದೂ ಒಂದು ಮರ್ಯಾದೆ ಎಂದು ಆವತ್ತು ತಿಳಿಯಿತು.

ಅವರ ಭಾಷೆಯಲ್ಲಿ ಹೇಳಿ

ನಮ್ಮ ಕಷ್ಟವನ್ನು ಅವರಿಗೆ ಅರ್ಥವಾಗುವಂತೆ ಹೇಳುವುದು ಹೇಗೆ? ಇದಕ್ಕೆ ವಾರ್ಡ್ ಕನಿಂಗ್‌ಹ್ಯಾಮ್ ಅವರ ಉದಾಹರಣೆ ನನಗೆ ಇಷ್ಟ. ಮೊದಲ ವಿಕಿ ಮಾಡಿದವರು ಇವರೇ, ಸ್ನೋಬರ್ಡ್‌ನಲ್ಲಿದ್ದ 17 ಜನರಲ್ಲೂ ಒಬ್ಬರು. ಹಣಕಾಸಿನ ಸಾಫ್ಟ್‌ವೇರ್ ಬರೆಯುತ್ತಿದ್ದಾಗ, ಕೆಲಸ ಮಾಡುತ್ತಿರುವ ಕೋಡನ್ನೇ ಮತ್ತೆ ಯಾಕೆ ತಿದ್ದಬೇಕು ಎಂದು ತಮ್ಮ ಬಾಸ್‌ಗೆ ವಿವರಿಸಬೇಕಾಗಿತ್ತು. ಅವರು ಸಾಲದ ಹೋಲಿಕೆ ಕೊಟ್ಟರು. ಅವಸರದಲ್ಲಿ ಬರೆದ ಕೋಡ್ ಸಾಲವಿದ್ದಂತೆ. ಬೇಗ ತೀರಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಬಡ್ಡಿ ಬೆಳೆಯುತ್ತದೆ. 1992ರ ತಮ್ಮ ವರದಿಯೊಂದರಲ್ಲಿ ಅವರು ಬರೆದ ಈ ಹೋಲಿಕೆಯೇ ಇವತ್ತಿನ ‘ಟೆಕ್ನಿಕಲ್ ಡೆಟ್’.

‘ಕೋಡ್ ರಿಫ್ಯಾಕ್ಟರ್ ಮಾಡ್ಬೇಕು’ ಎಂದರೆ ಮ್ಯಾನೇಜರ್‌ಗೆ ಏನೂ ತೋಚದಿರಬಹುದು. ‘ಈಗ ಮೂರು ದಿನ ಕೊಟ್ಟರೆ ಮುಂದಿನ ಪ್ರತಿ ಬದಲಾವಣೆಯಲ್ಲೂ ಒಂದೊಂದು ದಿನ ಉಳಿಯುತ್ತೆ’ ಎಂದರೆ ಖಂಡಿತ ಕಿವಿಗೊಡುತ್ತಾರೆ.

ಕ್ಯಾಂಪಸ್‌ನಲ್ಲೇ ಶುರು ಮಾಡಿ

ಇದನ್ನೆಲ್ಲ ಕಲಿಯಲು ಕೆಲಸ ಸಿಗುವವರೆಗೆ ಕಾಯಬೇಕಿಲ್ಲ. ಕಾಲೇಜಿಗೆ ಮರಳಿದ ಮೇಲೆ ನಮ್ಮ ನಾಲ್ವರ ಪ್ರಾಜೆಕ್ಟ್ ತಂಡ ಹಾಸ್ಟೆಲ್ ಮೆಸ್‌ಗೆ ಒಂದು ಆ್ಯಪ್ ಮಾಡಲು ಹೊರಟಿತು. ತಿಂಡಿಗೆ ರೇಟಿಂಗ್, ಮೆನುಗೆ ವೋಟಿಂಗ್, ಫೋಟೊ ಹಾಕುವ ಸೌಲಭ್ಯ ಎಂದು ಪಟ್ಟಿ ಉದ್ದವಾಗುತ್ತಿತ್ತು. ನಾನು ‘ಒಂದ್ಸಲ ಅಡುಗೆ ಭಟ್ಟರನ್ನ ಕೇಳೋಣ ಕಣ್ರೋ’ ಎಂದೆ. ಎಲ್ಲರೂ ನಕ್ಕರು, ಆದರೂ ಬಂದರು.

ಭಟ್ಟರು ಅಕ್ಕಿ ತೊಳೆಯುತ್ತಲೇ ಹೇಳಿದರು: ‘ರಾತ್ರಿ ಊಟಕ್ಕೆ ಎಷ್ಟು ಜನ ಬರ್ತೀರಿ ಅಂತ ಸಂಜೆ ನಾಲ್ಕಕ್ಕೆ ಗೊತ್ತಾದ್ರೆ ಸಾಕು ನೋಡ್ರಪ್ಪ. ಶನಿವಾರ ಬಂತಂದ್ರೆ ನೀವೆಲ್ಲ ಹೊರಗೆ ತಿಂತೀರಿ, ನಾನು ಅನ್ನ ಚೆಲ್ತೀನಿ.’

ನಮ್ಮ ಉದ್ದದ ಪಟ್ಟಿಯಲ್ಲಿ ಈ ಒಂದು ಸಂಗತಿ ಇರಲೇ ಇಲ್ಲ. ಈಗ ನಮ್ಮ ಆ್ಯಪ್‌ನಲ್ಲಿ ಇರುವುದು ಒಂದೇ ಪ್ರಶ್ನೆ: ‘ಇವತ್ತು ರಾತ್ರಿ ಊಟಕ್ಕೆ ಬರ್ತೀರಾ?’ ತಂಡದಲ್ಲಿ ಪ್ರತಿ ಎರಡು ವಾರಕ್ಕೆ ಒಬ್ಬರು ಪ್ರಾಡಕ್ಟ್ ಮ್ಯಾನೇಜರ್ ಆಗುತ್ತೇವೆ. ಮೊನ್ನೆ ನನ್ನ ಸರದಿ ಬಂದಾಗ ಗೆಳೆಯನೊಬ್ಬನಿಗೆ ಒಂದು ಕೆಲಸ ಹೇಳಿದೆ. ಅವನು ‘ಯಾಕೆ?’ ಎಂದ. ಒಂದು ಕ್ಷಣ ಕಿರಿಕಿರಿಯಾಯಿತು. ಮರುಕ್ಷಣ ಮೇಡಂ ನೆನಪಾದರು. ಕೂತು ಪೂರ್ತಿ ವಿವರಿಸಿದೆ. ಅವನು ‘ಹಂಗಾದ್ರೆ ಇದಕ್ಕಿಂತ ಸುಲಭದ ದಾರಿ ಇದೆ’ ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.