ಕಲ್ಲಿದ್ದಲಿನ ನಂತರದ ನದಿ: ಫಯೆಟ್ ಕೌಂಟಿಯ ಬದುಕು

ನದಿಯಲ್ಲಿ ತೆಪ್ಪ ನಡೆಸುವುದು, ಬಂಡೆ ಏರುವುದು, ಚಾರಣ ಹೋಗುವುದು, ಮೀನು ಹಿಡಿಯುವುದು ಮೊದಲಾದ ಹವ್ಯಾಸಗಳನ್ನು ಒಟ್ಟಾಗಿ ಹೊರಾಂಗಣ ವಿಹಾರ ಎನ್ನಬಹುದು. ಇವಕ್ಕಾಗಿ ಬರುವವರ ಊಟ, ವಸತಿ, ಸಲಕರಣೆ ಮತ್ತು ಮಾರ್ಗದರ್ಶನದಿಂದಲೇ ಒಂದು ಪ್ರದೇಶದ ಜನರ ಹೊಟ್ಟೆಪಾಡು ಸಾಗತೊಡಗಿದಾಗ, ಅದು ಬಿಡುವಿನ ವೇಳೆಯ ಮಾತಾಗಿ ಉಳಿಯದೆ ಅರ್ಥಶಾಸ್ತ್ರದ ವಿಷಯವಾಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಫಯೆಟ್ ಕೌಂಟಿ ಇದಕ್ಕೆ ಒಳ್ಳೆಯ ನಿದರ್ಶನ. ಕೌಂಟಿ ಎಂಬುದು ಆಡಳಿತದ ಶ್ರೇಣಿಯಲ್ಲಿ ಕರ್ನಾಟಕದ ಜಿಲ್ಲೆಯನ್ನು ಹೋಲುತ್ತದೆಯಾದರೂ, ಫಯೆಟ್‌ನ ಜನಸಂಖ್ಯೆ ಇಲ್ಲಿನ ಒಂದು ಸಣ್ಣ ತಾಲ್ಲೂಕಿನಷ್ಟು ಮಾತ್ರ.

ಈ ಕೌಂಟಿಯ ನಡುವೆ ಆಳವಾದ ಕಮರಿಯಲ್ಲಿ ಹರಿಯುವ ನ್ಯೂ ನದಿಯ ಹೆಸರಿಗೆ ‘ಹೊಸದು’ ಎಂಬ ಅರ್ಥವಿದ್ದರೂ, ಅದು ಆ ಖಂಡದ ಬಹು ಪುರಾತನ ನದಿಗಳಲ್ಲಿ ಒಂದೆಂದು ಭಾವಿಸಲಾಗಿದೆ. 1873ರಲ್ಲಿ ಕಮರಿಯೊಳಗೆ ರೈಲುಮಾರ್ಗ ಬಂದೊಡನೆ ಕಲ್ಲಿದ್ದಲು ಹೊರಜಗತ್ತಿಗೆ ಸಾಗತೊಡಗಿತು. ನದಿಯ ಎರಡೂ ದಡಗಳಲ್ಲಿ ಮನೆ, ಅಂಗಡಿ, ಶಾಲೆಗಳೆಲ್ಲವೂ ಗಣಿ ಮಾಲೀಕರ ಒಡೆತನದಲ್ಲಿದ್ದ ಕಂಪನಿ ಊರುಗಳು ಹುಟ್ಟಿಕೊಂಡವು. ಎರಡನೆಯ ಮಹಾಯುದ್ಧದ ನಂತರ ಅಗೆಯುವ ಯಂತ್ರಗಳು ಕಾರ್ಮಿಕರ ಜಾಗವನ್ನು ಹಿಡಿದವು, ಸುಲಭವಾಗಿ ಸಿಗುತ್ತಿದ್ದ ಕಲ್ಲಿದ್ದಲಿನ ಪದರಗಳು ತೀರುತ್ತ ಬಂದವು, ಕಂಪನಿ ಊರುಗಳು ಒಂದೊಂದಾಗಿ ಬರಿದಾದವು. ಒಂದು ಕಾಲದಲ್ಲಿ ಆ ರೈಲುಮಾರ್ಗದ ಅತಿ ಗಳಿಕೆಯ ನಿಲ್ದಾಣಗಳಲ್ಲಿ ಒಂದಾಗಿದ್ದ ಥರ್ಮಂಡ್ ಪಟ್ಟಣದಲ್ಲಿ 2010ರ ಜನಗಣತಿಯ ವೇಳೆಗೆ ಉಳಿದಿದ್ದವರು ಐದು ಮಂದಿ.

ಹೊಸ ಕಸುಬು ಚಿಗುರಿದ್ದೂ ಈ ಥರ್ಮಂಡ್‌ನಲ್ಲಿಯೇ. ಡ್ರ್ಯಾಗನ್ ಸಹೋದರರು 1968ರಲ್ಲಿ ಹಣ ಪಡೆದು ಜನರನ್ನು ರಬ್ಬರ್ ತೆಪ್ಪಗಳಲ್ಲಿ ನದಿಗಿಳಿಸುವ, ಅಂದರೆ ರಾಫ್ಟಿಂಗ್ ನಡೆಸುವ ಉದ್ಯಮವನ್ನು ಆರಂಭಿಸಿದರು. ನದಿಯಿಂದ 267 ಮೀಟರ್ ಎತ್ತರದಲ್ಲಿ ಕಮರಿಯನ್ನು ದಾಟುವ ಉಕ್ಕಿನ ಕಮಾನು ಸೇತುವೆ 1977ರಲ್ಲಿ ಪೂರ್ಣಗೊಂಡಿತು. ಅದುವರೆಗೆ ಅಂಕುಡೊಂಕು ದಾರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಒಂದು ನಿಮಿಷಕ್ಕೆ ಇಳಿಯಿತು. ಮರುವರ್ಷ ಒಕ್ಕೂಟ ಸರ್ಕಾರವು ಈ ಕಣಿವೆಯನ್ನು ‘ರಾಷ್ಟ್ರೀಯ ನದಿ’ ಎಂದು ಘೋಷಿಸಿ ರಕ್ಷಣೆಗೆ ಒಳಪಡಿಸಿತು. ಸೌಂದರ್ಯ ಮೊದಲಿನಿಂದಲೂ ಇದ್ದದ್ದೇ. ಅದನ್ನು ಜೀವನೋಪಾಯವಾಗಿ ಮಾರ್ಪಡಿಸಿದ್ದು ರಸ್ತೆ, ಭೂಮಿಯ ಸಾರ್ವಜನಿಕ ಒಡೆತನ ಮತ್ತು ಕಾನೂನು ಎಂಬುದನ್ನು ಮರೆಯಬಾರದು.

ಕಾನೂನಿನ ಪಾತ್ರ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಗಾಲಿ ಎಂಬ ಇನ್ನೊಂದು ನದಿಯಲ್ಲಿ. ಅದಕ್ಕೆ ನೆರೆಯ ನಿಕೊಲಸ್ ಕೌಂಟಿಯಲ್ಲಿ, ಪ್ರವಾಹ ತಡೆಯುವ ಮುಖ್ಯ ಉದ್ದೇಶದಿಂದ, ಸಮ್ಮರ್ಸ್‌ವಿಲ್ ಅಣೆಕಟ್ಟನ್ನು 1966ರಲ್ಲಿ ಪೂರ್ಣಗೊಳಿಸಲಾಯಿತು. ಚಳಿಗಾಲದ ಮಳೆಗೆ ಜಲಾಶಯದಲ್ಲಿ ಜಾಗ ಉಳಿಯಬೇಕಾದ್ದರಿಂದ, ಪ್ರತಿ ವರ್ಷವೂ ಬೇಸಿಗೆ ಮುಗಿದ ಮೇಲೆ ಸಂಗ್ರಹದ ಬಹುಭಾಗವನ್ನು ಹೊರಬಿಡುವುದು ಅನಿವಾರ್ಯ. ಈ ನೀರನ್ನು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಬಿಡಬೇಕು ಎಂಬ ಪ್ರಶ್ನೆಯ ಮೇಲೆ ಕೆಳಗಿನ ಊರುಗಳ ಒಂದು ವರ್ಷದ ಗಳಿಕೆ ನಿಂತಿದೆಯೆಂದು ಅಲ್ಲಿನ ರಾಫ್ಟಿಂಗ್ ನಡೆಸುವವರು ವಾದಿಸಿದರು. 1986ರಲ್ಲಿ ಅಮೆರಿಕದ ಸಂಸತ್ತು ಜಲ ಸಂಪನ್ಮೂಲ ಅಭಿವೃದ್ಧಿ ಕಾಯ್ದೆಯ ಮೂಲಕ ಈ ರಾಫ್ಟಿಂಗನ್ನೂ ಅಣೆಕಟ್ಟಿನ ಅಧಿಕೃತ ಉದ್ದೇಶಗಳಲ್ಲಿ ಒಂದಾಗಿ ಸೇರಿಸಿತು. ಅದರಂತೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಆರು ವಾರಾಂತ್ಯಗಳಲ್ಲಿ, ಒಟ್ಟು ಸುಮಾರು 22 ದಿನ, ಮುಂಚಿತವಾಗಿ ಪ್ರಕಟಿಸಿದ ವೇಳಾಪಟ್ಟಿಯ ಪ್ರಕಾರ ಸಾಮಾನ್ಯವಾಗಿ 2,400ರಿಂದ 2,800 ಕ್ಯುಸೆಕ್ ನೀರು ಹರಿಯುತ್ತದೆ. ದಿನಾಂಕ ಮೊದಲೇ ಗೊತ್ತಿರುವುದರಿಂದಲೇ ದೂರದವರು ತಿಂಗಳುಗಳ ಮುಂಚೆ ಕೊಠಡಿ ಕಾದಿರಿಸುತ್ತಾರೆ, ಹೋಟೆಲಿನವರು ದಿನಸಿ ತರಿಸುತ್ತಾರೆ. ನದಿಯ ಮೇಲ್ಭಾಗದಲ್ಲಿ, ರಾಫ್ಟಿಂಗ್‌ನ ಅಂತಾರಾಷ್ಟ್ರೀಯ ಅಳತೆಗೋಲಿನಲ್ಲಿ ಐದನೆಯ ದರ್ಜೆಗೆ ಸೇರುವ, ಅಂದರೆ ನುರಿತವರ ಜೊತೆಗಲ್ಲದೆ ಇಳಿಯಬಾರದ, ಐದು ದೊಡ್ಡ ಭೋರ್ಗರೆತಗಳಿವೆ. ಅವುಗಳಲ್ಲಿ ಒಂದಕ್ಕೆ ‘ಐರನ್ ರಿಂಗ್’ ಎಂಬ ಹೆಸರು ಬಂದದ್ದು, ನಾಟಾ ಸಾಗಿಸುತ್ತಿದ್ದ ಕಾಲದಲ್ಲಿ ಅಲ್ಲಿನ ಬಂಡೆಗೆ ಬಡಿದಿದ್ದ ಕಬ್ಬಿಣದ ಬಳೆಯಿಂದ.

ಉತ್ತರ ಕನ್ನಡದ ಗಣೇಶಗುಡಿ ಮತ್ತು ದಾಂಡೇಲಿಯ ಓದುಗರಿಗೆ ಈ ವ್ಯವಸ್ಥೆಯ ಮಹತ್ವ ಬೇಗ ಮನವರಿಕೆಯಾದೀತು. ಕಾಳಿ ನದಿಯ ರಾಫ್ಟಿಂಗ್ ಸಹ ಸೂಪಾ ಅಣೆಕಟ್ಟಿನಿಂದ ಬರುವ ನೀರನ್ನು ನೆಚ್ಚಿಕೊಂಡಿದೆ. ಆದರೆ ಅಲ್ಲಿ ನೀರು ಹರಿಯುವುದು ವಿದ್ಯುತ್ ಉತ್ಪಾದನೆಯ ಅಗತ್ಯಕ್ಕೆ ತಕ್ಕಂತೆ.

ಫಯೆಟ್‌ನ ಕಣಿವೆ 2020ರ ಡಿಸೆಂಬರಿನಲ್ಲಿ ಅಮೆರಿಕದ 63ನೆಯ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನದಲ್ಲಿ ಸಾಮಾನ್ಯವಾಗಿ ಬೇಟೆಗೆ ಅವಕಾಶವಿಲ್ಲ. ತಲೆಮಾರುಗಳಿಂದ ಅದೇ ಕಾಡಿನಲ್ಲಿ ಜಿಂಕೆ ಬೇಟೆಯಾಡುತ್ತ ಬಂದ ಸ್ಥಳೀಯರು ಈ ಕಾರಣಕ್ಕೆ ವಿರೋಧಿಸಿದರು. ಕೊನೆಗೆ 70,000ಕ್ಕೂ ಹೆಚ್ಚು ಎಕರೆ ಪ್ರದೇಶದಲ್ಲಿ ಸುಮಾರು 7,000 ಎಕರೆಯನ್ನು ಮಾತ್ರ ಉದ್ಯಾನವೆಂದು ಕರೆದು, ಉಳಿದುದನ್ನು ಬೇಟೆಗೆ ಅನುಮತಿಯಿರುವ ‘ಸಂರಕ್ಷಿತ ಪ್ರದೇಶ’ವಾಗಿ ಇರಿಸಲಾಯಿತು. ಹೊರಗಿನವರ ವಿಹಾರಕ್ಕಾಗಿ ಒಳಗಿನವರ ರೂಢಿಯನ್ನು ಬಲಿಕೊಡದ ಈ ರಾಜಿ ಶ್ಲಾಘನೀಯವಾದುದು.

ಹಳೆಯ ಬದುಕಿಗೂ ಹೊಸದಕ್ಕೂ ಇರುವ ಸಂಬಂಧವನ್ನು ಕೇಮೂರ್ ಗಣಿಗೆ ಇಳಿಯುವ ಕಾಲುದಾರಿ ಕಣ್ಣೆದುರು ತಂದು ನಿಲ್ಲಿಸುತ್ತದೆ. ಕಾರ್ಮಿಕರು ದಿನವೂ ಹತ್ತಿಳಿದ ಈ ಕಡಿದಾದ ದಾರಿಯಲ್ಲಿ ಈಗ ಮೊದಲು ಸಿಗುವುದು ಹಗ್ಗ ಹಿಡಿದು ಮರಳುಗಲ್ಲಿನ ಗೋಡೆ ಏರುವವರು. ಮುಂದೆ 1962ರಲ್ಲಿ ಮುಚ್ಚಿದ ಗಣಿಯ ಬಾಯಿ, ಅಲ್ಲಿಂದ ಕೆಳಗೆ ನದಿಯ ಸಮೀಪದವರೆಗೆ 821 ಮರದ ಮೆಟ್ಟಿಲುಗಳು, ಮೆಟ್ಟಿಲಿಳಿದರೆ ಗಿಡಬಳ್ಳಿ ಮುಸುಕಿದ, ಕಲ್ಲಿದ್ದಲು ಸುಟ್ಟು ಕೋಕ್ ಮಾಡುತ್ತಿದ್ದ ಕುಲುಮೆಗಳ ಸಾಲು.

ಆದರೂ ವಿಹಾರವು ಗಣಿಯ ಸ್ಥಾನವನ್ನು ಪೂರ್ತಿಯಾಗಿ ತುಂಬಿದೆಯೆಂದರೆ ಸತ್ಯಕ್ಕೆ ಅಪಚಾರವಾಗುತ್ತದೆ. ತೆಪ್ಪ ನಡೆಸುವ ಮಾರ್ಗದರ್ಶಕರ ಕೆಲಸ ಬಹುತೇಕ ವಸಂತದಿಂದ ಅಕ್ಟೋಬರಿನವರೆಗೆ ಮಾತ್ರ ಇರುವುದರಿಂದ, ಚಳಿಗಾಲಕ್ಕೆ ಬೇರೆ ಸಂಪಾದನೆಯನ್ನು ಹುಡುಕಬೇಕಾಗುತ್ತದೆ. ಹಲವು ಸಣ್ಣ ರಾಫ್ಟಿಂಗ್ ಸಂಸ್ಥೆಗಳು ಒಂದಾಗಿ ಈಗ ಕೆಲವು ದೊಡ್ಡ ಸಂಸ್ಥೆಗಳಷ್ಟೇ ಉಳಿದಿವೆ. ಕೌಂಟಿಯ ಕೇಂದ್ರವಾದ ಫಯೆಟ್‌ವಿಲ್‌ನ ಹಳೆಯ ಕಟ್ಟಡಗಳಲ್ಲಿ ಹೋಟೆಲು, ಸಲಕರಣೆ ಅಂಗಡಿಗಳು ತೆರೆದು ಊರಿಗೆ ಕಳೆ ಬಂದಿರುವುದು ನಿಜವಾದರೂ, ಕಮರಿಯಿಂದ ದೂರವಿರುವ ಗಣಿ ಊರುಗಳಿಗೆ ಆ ಕಳೆ ಅಷ್ಟಾಗಿ ತಲುಪಿಲ್ಲ. 1950ರಲ್ಲಿ 80,000ಕ್ಕೂ ಹೆಚ್ಚು ಜನರಿದ್ದ ಫಯೆಟ್ ಕೌಂಟಿಯಲ್ಲಿ 2020ರ ಜನಗಣತಿಯ ವೇಳೆಗೆ ಉಳಿದಿದ್ದವರು ಸುಮಾರು 40,000 ಮಂದಿ.