ಸೂರು ಸೋರುವ ಮುನ್ನ

ಮೊದಲ ಮಳೆಗೆ ಮನೆಯೊಳಗೆ ಬಕೆಟ್ಟು, ತಪ್ಪಲೆಗಳನ್ನು ಸಾಲಾಗಿ ಇಟ್ಟು, ಮಕ್ಕಳ ಪುಸ್ತಕ, ಅಕ್ಕಿ ಮೂಟೆ, ಹಾಸಿಗೆಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸಿದ ಅನುಭವ ನಿಮಗಿದೆಯೇ? ಮಳೆ ನಿಂತ ಮೇಲೆ ಅದನ್ನು ಮರೆತೇ ಬಿಡುತ್ತೇವೆ. ಬಿಸಿಲಿದ್ದಾಗ ಮಾಡು ಸೋರುವುದಿಲ್ಲ, ಮಳೆಯಲ್ಲಿ ರಿಪೇರಿ ಮಾಡಲಾಗುವುದಿಲ್ಲ. ಹೀಗೆ ವರ್ಷಗಳು ಉರುಳುತ್ತವೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಮಳೆ ಕರಾವಳಿಯ ಮಳೆಯಂತಲ್ಲ. ಮಂಗಳೂರಿನವರಿಗೆ ಜೂನ್‌ನಿಂದ ಮೂರು ತಿಂಗಳು ಬಿಡದೆ ಸುರಿಯುವ ಮಳೆ. ಅವರು ಮೇ ತಿಂಗಳಲ್ಲೇ ಹೆಂಚು ಸರಿಪಡಿಸಿ ಕೂರುತ್ತಾರೆ. ನಮ್ಮದು ಪಶ್ಚಿಮ ಘಟ್ಟದ ಮಳೆ ನೆರಳಿನ ಸೀಮೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ, ಜೂನ್, ಜುಲೈನಲ್ಲಿ ಬಹುಪಾಲು ತುಂತುರು, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು. ವರ್ಷದ ಒಟ್ಟು ಮಳೆ ಕಡಿಮೆ ಎಂದು ನಾವು ಮಾಡಿನ ಬಗ್ಗೆ ಉದಾಸೀನರಾಗಿರುತ್ತೇವೆ. ಆದರೆ ಬೀಳುವ ಮಳೆ ಒಂದು ಗಂಟೆಯಲ್ಲಿ ಬಿದ್ದು ಹೋಗುತ್ತದೆ ಎಂಬುದನ್ನು ಮರೆಯುತ್ತೇವೆ. 20ಕ್ಕೆ 30 ಅಡಿಯ ಒಂದು ಸಣ್ಣ ಮನೆಯನ್ನೇ ತೆಗೆದುಕೊಳ್ಳಿ. ಅದರ ಮೇಲೆ 5 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಅಷ್ಟೂ ನೀರು ಒಂದೆರಡು ಪೈಪುಗಳ ಬಾಯಿಯಿಂದಲೇ ಇಳಿಯಬೇಕು. ಆ ಬಾಯಿಗೆ ಒಂದು ಹಿಡಿ ಬೇವಿನೆಲೆ ಸಿಕ್ಕಿಕೊಂಡರೆ ಸಾಕು, ತಾರಸಿಯೇ ಕೆರೆಯಾಗುತ್ತದೆ. ಆ ಕೆರೆಯ ಭಾರವೂ ಸಣ್ಣದಲ್ಲ, ಹೆಚ್ಚು ಕಡಿಮೆ 2.8 ಟನ್.

ಬೇವು, ಹೊಂಗೆ ಎಲೆ ಉದುರಿಸುವುದು ಬೇಸಗೆಯ ಆರಂಭದಲ್ಲಿ. ಅಂದರೆ ಮೊದಲ ಗುಡುಗು ಮಳೆಗೆ ಮುಂಚೆ, ಸರಿಯಾಗಿ ದೋಣಿ ತುಂಬುವಷ್ಟು. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಒಮ್ಮೆ, ಹಿಂಗಾರಿಗೆ ಮುಂಚೆ ಆಗಸ್ಟ್ ಕೊನೆಯಲ್ಲಿ ಮತ್ತೊಮ್ಮೆ ಮಾಡನ್ನು ಗುಡಿಸಿಸಿ. ಪ್ಯಾರಪೆಟ್ ಬಿರುಕಿನಲ್ಲಿ ಅರಳಿ ಗಿಡ ಮೊಳೆತಿದ್ದರೆ ಬರೀ ಮುರಿದು ಹಾಕಿದರೆ ಪ್ರಯೋಜನವಿಲ್ಲ, ಬೇರು ಸಹಿತ ತೆಗೆದು ಬಿರುಕನ್ನು ಮುಚ್ಚಿಸಬೇಕು.

ಇನ್ನು ಆಲಿಕಲ್ಲು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಗಾಲದಲ್ಲಿ ಮಾಡಿನ ಮೇಲೆ ಮಂಜುಗಡ್ಡೆ ಕಟ್ಟುವುದಿಲ್ಲ. ಆದರೂ ಮಂಜುಗಡ್ಡೆಯ ಕಾಟ ನಮಗೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದು ಬರುವುದು ಬೇಸಗೆಯಲ್ಲಿ. ಕಾದ ನೆಲದ ಗಾಳಿ ಮೇಲೇರಿ, ಎತ್ತರದ ಮೋಡದಲ್ಲಿ ನೀರಹನಿಗಳು ಹೆಪ್ಪುಗಟ್ಟಿ, ಗಾಳಿ ಹೊರಲಾರದಷ್ಟು ದಪ್ಪವಾದಾಗ ಕಲ್ಲಾಗಿ ಉದುರುತ್ತವೆ. ಮಕ್ಕಳಿಗೆ ಅದು ಹಬ್ಬ, ತಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ಅವರನ್ನು ಒಳಗೆ ಕರೆದುಕೊಳ್ಳಿ. ಆಲಿಕಲ್ಲಿನ ಮೋಡವೇ ಸಿಡಿಲಿನ ಮೋಡ.

ಎರಡು ಮಾಡುಗಳು ಕೂಡುವ ಮೂಲೆಯ ದೋಣಿಗೆ ಈ ಕಲ್ಲುಗಳು ಉರುಳಿ ಬಂದು, ತರಗೆಲೆಯೊಂದಿಗೆ ಸೇರಿ ಅಣೆಕಟ್ಟಿನಂತೆ ನಿಲ್ಲುತ್ತವೆ. ಹಿಂದಿನಿಂದ ಬಂದ ಮಳೆ ನೀರಿಗೆ ದಾರಿಯಿಲ್ಲ. ಅದು ಮೇಲೇರಿ ತಗಡಿನ ಅಂಚು ದಾಟಿ ಹೆಂಚಿನಡಿ ನುಗ್ಗುತ್ತದೆ. "ಹೆಂಚು ಒಂದೂ ಒಡೆದಿಲ್ಲ, ಆದರೂ ನಡುಮನೆ ತುಂಬಾ ನೀರು" ಎಂದು ಅಚ್ಚರಿಪಡುವವರು ಮೊದಲು ಈ ಮೂಲೆಯನ್ನು ನೋಡಬೇಕು.

ಅಮೆರಿಕ, ಕೆನಡಾದಲ್ಲಿರುವ ನಿಮ್ಮ ಮಗಳನ್ನೋ ನಾದಿನಿಯನ್ನೋ ಕೇಳಿ ನೋಡಿ, ಇದೇ ಕತೆಯ ದೊಡ್ಡ ರೂಪವನ್ನು ಹೇಳಿಯಾರು. ಅಲ್ಲಿ ಮನೆಯೊಳಗಿನ ಹೀಟರಿನ ಶಾಖ ಮಾಡಿಗೆ ಏರಿ ಮೇಲಿನ ಹಿಮವನ್ನು ಕರಗಿಸುತ್ತದೆ. ಕರಗಿದ ನೀರು ಹರಿದು ಸೂರಿನ ಅಂಚಿಗೆ ಬಂದಾಗ ಅಲ್ಲಿ ಶಾಖವಿಲ್ಲ, ಮತ್ತೆ ಗಡ್ಡೆ ಕಟ್ಟುತ್ತದೆ. ಆ ಗಡ್ಡೆಯ ಹಿಂದೆ ನಿಂತ ನೀರು ಒಳಗೆ ಇಳಿಯುತ್ತದೆ. ಅದನ್ನು ಕೊಡಲಿಯಿಂದ ಕಡಿಯಲು ಹೋದವರು ಮಾಡನ್ನೇ ಕಡಿದುಕೊಳ್ಳುತ್ತಾರೆ. ಅಟ್ಟದಲ್ಲಿ ಶಾಖ ತಡೆಯುವ ಹೊದಿಕೆ ಹಾಕಿ, ಗಾಳಿಯಾಡಲು ಬಿಡುವುದೇ ಅಲ್ಲಿನ ಸರಿಯಾದ ಚಿಕಿತ್ಸೆ. ಹಿಮವಿರಲಿ, ತರಗೆಲೆಯಿರಲಿ, ಸೂರಿನ ಅಂಚಿನಲ್ಲಿ ನೀರಿಗೆ ತಡೆಯಾದರೆ ಅದು ಹಿಂದಕ್ಕೆ ತಿರುಗುತ್ತದೆ.

ಹಳೆಯ ತೊಟ್ಟಿ ಮನೆಗಳಲ್ಲಿ ಇಂತಹ ಮೂಲೆ ದೋಣಿಗಳು ನಾಲ್ಕು. ನಾಲ್ಕೂ ಕಡೆಯ ಇಳಿಜಾರು ನಡುವಿನ ತೊಟ್ಟಿಗೆ ನೀರು ಸುರಿಸುತ್ತವೆ. ಇಂತಹ ಮನೆಯಿದ್ದವರು ವರ್ಷಕ್ಕೊಮ್ಮೆ ದೋಣಿಯ ತಗಡು ತುಕ್ಕು ಹಿಡಿದಿದೆಯೇ ಎಂದು ಒಳಗಿನಿಂದಲೇ ನೋಡಬಹುದು. ಹಗಲು ಹೊತ್ತಿನಲ್ಲಿ ದೀಪವಾರಿಸಿ ಮೇಲಕ್ಕೆ ನೋಡಿ, ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಎಂದರ್ಥ. ಹೊಸ ತಗಡು ಹಾಕಿಸುವಾಗ ಅಗಲದಲ್ಲಿ ಜಿಪುಣತನ ಬೇಡ. ಒಡೆದ ಹೆಂಚಿನ ಮೇಲೆ ಸಿಮೆಂಟು ಮೆತ್ತುವ ಅಭ್ಯಾಸವೂ ಒಳ್ಳೆಯದಲ್ಲ. ಹೆಂಚಿನ ಮಾಡು ನಿಂತಿರುವುದೇ ಒಂದರ ಮೇಲೊಂದು ಜಾರಿ ಕೂರುವುದರಿಂದ. ಮೆತ್ತಿದ ಸಿಮೆಂಟು ಬಿರಿಯುತ್ತದೆ, ಮುಂದೆ ಆ ಹೆಂಚು ಕೀಳಲೂ ಬಾರದು. ಹತ್ತಿಪ್ಪತ್ತು ಹೆಂಚುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಅಂಚಿನ ಊರುಗಳಲ್ಲಿ ಕೋತಿಗಳ ಓಡಾಟವಿರುವಲ್ಲಿ ಇದು ಬೇಕೇ ಬೇಕು.

ಕಲ್ನಾರು ಶೀಟಿನ ಮನೆಯಾದರೆ ಒಂದು ಎಚ್ಚರಿಕೆ. ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಯಾರನ್ನೂ ಇಡಲು ಬಿಡಬೇಡಿ. ಹಳೆಯ ಶೀಟು ಬಿಸ್ಕೆಟ್ಟಿನಂತೆ ಮುರಿಯುತ್ತದೆ. ಬೋಲ್ಟಿನ ಸಾಲಿನಲ್ಲಿ, ಅಂದರೆ ಕೆಳಗೆ ಮರದ ಆಧಾರ ಇರುವಲ್ಲಿ, ಹಲಗೆ ಹಾಸಿಕೊಂಡೇ ನಡೆಯಬೇಕು. ಒಣಗಿದ ಶೀಟನ್ನು ಕೊಯ್ಯುವುದು, ಬ್ರಷ್ಷಿನಿಂದ ಉಜ್ಜುವುದು ಅಪಾಯ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆ ಮಾಡಿನ ಮಳೆ ನೀರನ್ನು ಕುಡಿಯಲು ಹಿಡಿಯಬೇಡಿ.

ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ ದುಡಿಯುವ ಸಹೋದರಿಯರಿಗೆ ಇನ್ನೊಂದು ಮಾತು. ಡಿಸೆಂಬರ್, ಜನವರಿಯ ಬೆಳಗ್ಗೆ ಮಳೆಯಿಲ್ಲದಿದ್ದರೂ ಶೀಟಿನಿಂದ ಹನಿ ತೊಟ್ಟಿಕ್ಕುವುದನ್ನು ನೀವು ಕಂಡಿರಬಹುದು. ಅದು ಸೋರಿಕೆಯಲ್ಲ. ಗೂಡು ಬೇಯಿಸುವ ಬಿಸಿನೀರಿನ ಆವಿ ತಣ್ಣನೆಯ ಶೀಟಿಗೆ ತಾಗಿ ನೀರಾಗಿ ಬೀಳುವುದು. ಅದಕ್ಕೆ ಮೇಲೆ ಡಾಂಬರು ಬಳಿದರೆ ಹಣ ಹೋಯಿತೇ ಹೊರತು ಹನಿ ನಿಲ್ಲದು. ಆವಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿ ಬೇಕು. ಮನೆಯ ಅಡುಗೆ ಕೋಣೆಗೂ ಇದೇ ಅನ್ವಯಿಸುತ್ತದೆ.

ತಾರಸಿ ಮನೆಯಲ್ಲಿ ಸೋರುವ ಜಾಗ ಹುಡುಕುವುದೇ ಕಷ್ಟ. ಒಳಗೆ ಒದ್ದೆಯಾದ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ, ನೀರು ಕಾಂಕ್ರೀಟಿನೊಳಗೆ ನಾಲ್ಕಡಿ ಅಡ್ಡ ಹರಿದು ಬೇರೆಡೆ ಇಳಿದಿರಬಹುದು. ಮಳೆಯಿಲ್ಲದ ದಿನ ಅನುಮಾನವಿರುವ ಭಾಗಕ್ಕೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿ. ಹೀಗೆ ಭಾಗ ಭಾಗವಾಗಿ ನೋಡಿದರೆ ಕಳ್ಳ ಸಿಕ್ಕಿ ಬೀಳುತ್ತಾನೆ. ಗಾರೆಯವರು ಬಂದಾಗ ಪೈಪಿನ ಕಡೆಗೆ ಇಳಿಜಾರು ಇದೆಯೇ ಎಂದು ಕೇಳಿ. ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇರಬೇಕು. ಪೈಪಿನ ಬಾಯಿಗೆ ಜಾಲಿ ಹಾಕಿಸಿ, ಆದರೆ ಜಾಲಿ ಹಾಕಿದೆವೆಂದು ಮರೆಯಬೇಡಿ. ಜಾಲಿಯ ಮೇಲೂ ಎಲೆ ಕೂರುತ್ತದೆ.

ಹಬ್ಬಕ್ಕೆ ಸುಣ್ಣ ಬಣ್ಣ ಬಳಿಸುವುದು ನಮ್ಮಲ್ಲಿ ವಾಡಿಕೆ. ಈದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಕೆಲವು ವರ್ಷ ಈ ಕೆಲಸ ಬೇಸಗೆಗೆ ಬರುತ್ತದೆ, ಕೆಲವು ವರ್ಷ ಮಳೆಗೆ. ಯಾವಾಗಲೇ ಬರಲಿ, ಸೋರಿಕೆ ನಿಲ್ಲಿಸದೆ ಒದ್ದೆ ಗೋಡೆಗೆ ಬಣ್ಣ ಬಳಿಸಿದರೆ ಮುಂದಿನ ಮಳೆಗೆ ಹಪ್ಪಳದಂತೆ ಏಳುತ್ತದೆ. ಬಣ್ಣದ ಹಣದಲ್ಲಿ ಅರ್ಧ ಮಾಡಿಗೆ ಖರ್ಚಾಗಲಿ, ನೆಂಟರು ಏನೂ ಅಂದುಕೊಳ್ಳುವುದಿಲ್ಲ.

ಮಣ್ಣಿನ ಗೋಡೆಯ ಮನೆಗಳ ಮಾತು ಬೇರೆ. ಅಲ್ಲಿರುವುದು ಬಣ್ಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. 2021ರ ನವೆಂಬರ್‌ನ ಅಕಾಲಿಕ ಮಳೆಗೆ ದಕ್ಷಿಣ ಕರ್ನಾಟಕದ ಎಷ್ಟೋ ಕಡೆ ಗೋಡೆಗಳು ಕುಸಿದವು. ಸೂರಿನ ನೀರು ಗೋಡೆಯ ಬುಡಕ್ಕೇ ಬಿದ್ದು ನೆನೆದ ಗೋಡೆ, ಮಳೆ ನಿಂತ ಒಂದೆರಡು ದಿನಗಳ ನಂತರವೂ ಬೀಳಬಹುದು. ಸೂರಿಗೆ ತಗಡಿನ ದೋಣಿ ಕಟ್ಟಿಸಿ ನೀರನ್ನು ದೂರ ಸಾಗಿಸಿ. ಅಷ್ಟಾಗದಿದ್ದರೆ ಗೋಡೆಯ ಬುಡಕ್ಕೆ ಹೊರಕ್ಕೆ ಇಳಿಜಾರಾಗಿ ಚಪ್ಪಡಿ ಹಾಸಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊಸ ಬಿರುಕು ಬಾಯ್ದೆರೆದಿದ್ದರೆ ಆ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸಬೇಡಿ. ನೀರನ್ನು ಪಕ್ಕದ ಮನೆಯವರ ಅಂಗಳಕ್ಕೆ ತಿರುಗಿಸುವುದೂ ಬೇಡ. ಸೂರಿನ ನೀರಿಗಾಗಿ ಮಾತು ಬಿಟ್ಟ ಮನೆಗಳು ಪ್ರತಿ ಬೀದಿಯಲ್ಲೂ ಇವೆ.

ಕಟ್ಟಿಕೊಂಡ ದೋಣಿಯಲ್ಲಿ, ತಾರಸಿಯ ತಗ್ಗಿನಲ್ಲಿ ನಿಂತ ತಿಳಿ ನೀರಿನಲ್ಲಿ ಡೆಂಗಿ ಸೊಳ್ಳೆ ಒಂದು ವಾರ, ಹತ್ತು ದಿನಗಳಲ್ಲಿ ಬೆಳೆದು ಹಾರುತ್ತದೆ. ಸೋರದಿದ್ದರೂ ಮಳೆಯ ನಂತರ ಒಮ್ಮೆ ಮೇಲೆ ನೋಡಬೇಕಾದುದು ಇದಕ್ಕಾಗಿ. ನೀರು ಸ್ವಿಚ್ಚಿನ ಗೋಡೆಗೆ ಇಳಿದಿದ್ದರೆ ಸ್ವಿಚ್ಚನ್ನು ಮುಟ್ಟದೆ ಮೇನ್ ಆಫ್ ಮಾಡಿ, ಮೇನ್ ಇರುವ ಗೋಡೆಯೇ ಒದ್ದೆಯಾಗಿದ್ದರೆ ಲೈನ್‌ಮನ್‌ನನ್ನು ಕರೆಸಿ.

ಮಳೆಗೆ ಮನೆ ಹಾನಿಯಾದರೆ ಮಣ್ಣು ಎತ್ತುವ ಮೊದಲು ಮೊಬೈಲಿನಲ್ಲಿ ಒಳಗೂ ಹೊರಗೂ ಚಿತ್ರ ತೆಗೆದುಕೊಳ್ಳಿ. ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಾಲೂಕು ಕಚೇರಿಗೆ ಅಂದೇ ತಿಳಿಸಿ, ಅರ್ಜಿಯ ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮನೆಯ ಪತ್ರ, ರೇಷನ್ ಕಾರ್ಡುಗಳನ್ನು ಮಳೆಗಾಲ ಮುಗಿಯುವವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಾಡಿನ ಮೂಲೆಗೆ ತಾಗದ ಒಳಗೋಡೆಯ ಬೀರುವಿನಲ್ಲಿಡಿ.